ಹೂಂಗುಟ್ಟಿ ಎತ್ತಿದ ಬಾರ್ಜು

"ಇನ್ನ ಯಾವ ದೇವ್ರು ಬಂದು ಎತ್ತಬೇಕಪ್ಪ ಇದ್ನ?"

ಮಾದಯ್ಯ ಇದನ್ನು ಯಾರನ್ನೂ ಕೇಳಲಿಲ್ಲ. ತನ್ನ ಉಕ್ಕಿನ ಬಾರ್ಜಿನ, ಆ ಚಪ್ಪಟೆ ತಳದ ದೊಡ್ಡ ದೋಣಿಯ, ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, ಹೊಳೆಯ ಕಡೆ ಮುಖ ಮಾಡಿ ಗಟ್ಟಿಯಾಗಿ ಅಂದ, ಅಷ್ಟೆ. ಪಕ್ಕದ ಮೆಟ್ಟಿಲಲ್ಲಿ ಲಕ್ಕಜ್ಜಿಯ ಸೀರೆ ಹಿಂಡುತ್ತಿದ್ದ ನಾನು ಅಭ್ಯಾಸಬಲದಿಂದ "ಹೂಂ" ಅಂದೆ. ಅವನು ಬೆಚ್ಚಿ ತಿರುಗಿದ.

ನಮ್ಮೂರಿನಲ್ಲಿ ಯಾರೂ ನೀರಿನ ಮೇಲೆ ನಿಂತು ಹಾಗೆ ಮಾತು ಬಿಸಾಡುವುದಿಲ್ಲ. ದೋಣಿಯಲ್ಲಿ ಆಡಿದ ಮಾತನ್ನು ಯಾರಾದರೊಬ್ಬರು ಕೇಳಿಸಿಕೊಳ್ಳಬೇಕು. ಕೇಳಿಸಿಕೊಳ್ಳದ ಮಾತು ದೋಣಿಯಲ್ಲೇ ಉಳಿದು ಭಾರವಾಗುತ್ತದೆ. ಒಂದೆರಡು ಮಾತಿಗೆ ಏನೂ ತಿಳಿಯುವುದಿಲ್ಲ. ಗಂಡ ಹೆಂಡತಿ ಒಬ್ಬರಿಗೊಬ್ಬರು ಕಿವಿಗೊಡದೆ ಒಂದು ವರ್ಷ ಸಂಸಾರ ಮಾಡಿದರೆ ಮಾತ್ರ ನೀರು ಮೇಲೇರಿ ಕಿಟಕಿ ಮುಟ್ಟುತ್ತದೆ. ದೋಣಿಕೇರಿಯಲ್ಲಿ ಸಾಲಾಗಿ ಕಟ್ಟಿರುವ ದೋಣಿಮನೆಗಳಿಗೆಲ್ಲ ಹೊಟ್ಟೆಯ ಸುತ್ತ ಒಂದು ಬಿಳಿ ಪಟ್ಟೆ ಬಳಿದಿರುತ್ತಾರೆ. ಪಟ್ಟೆ ನೀರಿನ ಮೇಲೆ ಅಗಲವಾಗಿ ಕಂಡರೆ ಆ ಮನೆಗೆ ಮರ್ಯಾದೆ. ಹೆಣ್ಣು ನೋಡಲು ಬಂದವರು ಮೊದಲು ಪಟ್ಟೆ ನೋಡುತ್ತಾರೆ, ಆಮೇಲೆ ಹುಡುಗಿಯನ್ನು. ಜಗಳ ಬಂದರೆ ದಂಡೆಗೆ ಹತ್ತಿ, ಆಲದ ಮರದ ಕೆಳಗೆ ಬೈದಾಡಿ ಮುಗಿಸಿ, ಕಾಲು ತೊಳೆದುಕೊಂಡು ಮನೆಗೆ ಇಳಿಯುತ್ತಾರೆ. "ಬಾ ಮೇಲಕ್ಕೆ" ಅನ್ನುವುದೇ ನಮ್ಮಲ್ಲಿ ದೊಡ್ಡ ಬೈಗುಳ. ಇನ್ನು ಬಾಯಿ ನಿಲ್ಲದ ಮುದುಕ ಮುದುಕಿಯರಿದ್ದರೆ ಅವರಿಗೆ ಹೂಂಗುಟ್ಟಲೆಂದೇ ಒಬ್ಬರನ್ನು ಇಟ್ಟುಕೊಳ್ಳುತ್ತಾರೆ. ನಾನು ಅಂಥವಳು.

ಈ ಕೆಲಸ ನಾನು ಕಲಿತದ್ದು ನಮ್ಮಪ್ಪನ ಮುಂದೆ ಕೂತು. ಅಪ್ಪ ಸಂಜೆ ದೀಪ ಹಚ್ಚಿದ ಮೇಲೆ ಕಾವ್ಯ ಓದುತ್ತಿದ್ದ. ಕೇಳಲು ಯಾರೂ ಬಾರದ ದಿನವೂ ನಾನೊಬ್ಬಳು ಇರುತ್ತಿದ್ದೆ. ಪದ್ಯದ ಕೊನೆಗೆ ಬರುವ ಹೂಂ ಬೇರೆ, ನಡುವೆ ಅವನು ಉಸಿರಿಗೆ ನಿಂತಾಗ ಕೊಡುವ ಹೂಂ ಬೇರೆ, ಕಣ್ಣಲ್ಲಿ ನೀರಿದ್ದಾಗ ಗಂಟಲೊಳಗೇ ಉಳಿಯುವ ಹೂಂ ಬೇರೆ. "ಕೇಳೋದೂ ಪೂಜೇನೇ ಕಣವ್ವ, ಕೈಲಿ ಹೂವಿರಲ್ಲ ಅಷ್ಟೆ" ಅನ್ನುತ್ತಿದ್ದ. ಅಪ್ಪ ಹೋದ ಮೇಲೆ ನಾನು ಊರಿನ ಮುದುಕರ ದೋಣಿಯಿಂದ ದೋಣಿಗೆ ಹೋದೆ. ಒಬ್ಬರು ತೀರಿಕೊಂಡರೆ ನನ್ನ ಗಂಟು ಎತ್ತಿಕೊಂಡು ಇನ್ನೊಬ್ಬರ ಮನೆ. ಆಗ ಇದ್ದದ್ದು ಲಕ್ಕಜ್ಜಿಯ ಮನೆಯಲ್ಲಿ. ಎಲ್ಲಿಯೂ ನನಗೆ ಕೊಟ್ಟ ಜಾಗ ಅಡುಗೆಮನೆಯ ಮೂಲೆ. ಬಾಗಿಲು ಮುಚ್ಚಿಕೊಂಡು ದೇವರಿಗೆ ಕೈಮುಗಿಯಲು ನನ್ನದೆಂಬ ಒಂದು ಬಾಗಿಲು ಇರಲಿಲ್ಲ. ವಯಸ್ಸು ಐವತ್ತು ದಾಟಿತ್ತು.

"ಹೂಂ ಅಂದುಬುಟ್ಟೆ, ಈಗ ನೀನೇ ತಕೋ ಇದ್ನ" ಅಂದ ಮಾದಯ್ಯ, ನಗುತ್ತ.

ನಾನು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಬಾರ್ಜನ್ನು ನೋಡಿದೆ. ನಮ್ಮ ದೋಣಿಮನೆಗಳೆಲ್ಲ ಮರದವು. ಉಕ್ಕಿನದು ಊರಿಗೆಲ್ಲ ಇದೊಂದೇ. ಮೊದಲು ಮರಳು ಸಾಗಿಸುತ್ತಿತ್ತು. ಮರಳು ನಿಂತಾಗ ಮಾದಯ್ಯ ಮಾರೋಣ ಅಂದ, ಅವನ ಅಣ್ಣ ಶಿವನಂಜ ಒಪ್ಪಲಿಲ್ಲ. ಒಬ್ಬನೇ ಕೂತು ತಗಡು ಕೊಯ್ದು ಕಿಟಕಿ ಇಟ್ಟ, ಅಡುಗೆಮನೆ ಮಾಡಿದ, ಮಲಗುವ ಕೋಣೆಗೆ ಹಲಗೆ ಹೊಡೆದ, ಮೇಲುಗಡೆ ತುಳಸಿಯ ಕುಂಡವನ್ನೂ ಇಟ್ಟ. ಆ ಸಿಟ್ಟಿಗೆ ಅಣ್ಣ ತಮ್ಮಂದಿರ ಮಾತು ನಿಂತಿತು. ಮಾದಯ್ಯನ ಮನೆ ದಂಡೆಯ ಮೇಲೆ, ಬಾರ್ಜಿನ ಅಡುಗೆಮನೆಯ ಕಿಟಕಿಗೆ ಎದುರಾಗಿಯೇ ಇತ್ತು. ಆದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಿವನಂಜ ಅದರಲ್ಲಿ ಒಂಟಿಯಾಗಿ ಬಾಳಿ, ಹೋದ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ಆಗಲೇ ಬಾರ್ಜು ಎಷ್ಟು ಕುಸಿದಿತ್ತೆಂದರೆ ಅದರ ಬಿಳಿ ಪಟ್ಟೆಯನ್ನು ಕಂಡವರೇ ಊರಿನಲ್ಲಿ ಕಡಿಮೆ.

"ತಕೋತೀನಿ" ಅಂದೆ.

ಮಾದಯ್ಯನ ನಗು ನಿಂತಿತು. "ದೇವೀರಕ್ಕ, ತಮಾಷೆಗಂದೆ ಕಣಕ್ಕ. ಗುಜರಿಯೋರು ಬಂದು ನೋಡ್ಕೊಂಡ್ ಹೋಗವ್ರೆ. ಬೇಸಿಗೇಲಿ ನೀರಿಳಿದು ಇದು ಮರಳ ಮೇಲೆ ಕೂತ ತಕ್ಷಣ ಕತ್ತರಿಸ್ಕೊಂಡ್ ಹೋಯ್ತಾರೆ."

"ನಾನು ತಕೋತೀನಿ ಅಂದೆನಲ್ಲ."

"ಹಂಗಾದ್ರೆ ನೀರಿಳಿಯೋದ್ರೊಳಗೆ ಮರಳದಿಬ್ಬ ದಾಟಿಸ್ಕೊಂಡು ದೋಣಿಕೇರಿಗೆ ಒಯ್ಯಬೇಕು. ಪಟ್ಟೆ ಪೂರ್ತಿ ಮೇಲೆ ಬರದೆ ಅದು ದಿಬ್ಬ ದಾಟಲ್ಲ. ದಾಟದಿದ್ರೆ ಗುಜರಿಯೋರ ಪಾಲು. ಕೊಟ್ಟ ದುಡ್ಡು ವಾಪಸ್ ಇಲ್ಲ. ಆಮೇಲೆ ನನ್ನ ಮುಂದೆ ಅಳಬಾರ್ದು."

"ಹೂಂ" ಅಂದೆ.

ಕೂಡಿಟ್ಟದ್ದನ್ನೆಲ್ಲ ಬಟ್ಟೆಯಲ್ಲಿ ಕಟ್ಟಿ, ಹೊಳೆಯಮ್ಮನ ಗುಡಿಯ ಮುಂದೆ ಒಂದು ಗಳಿಗೆ ಇಟ್ಟು, ಅವನ ಕೈಗೆ ಹಾಕಿದೆ. ಲಕ್ಕಜ್ಜಿಗೆ ಹೇಳಿದಾಗ ಅವಳು ಎಲೆಗೆ ಸುಣ್ಣ ಹಚ್ಚುವುದನ್ನೇ ಮರೆತಳು.

"ಕಬ್ಬಿಣದಾಗೆ ಸಂಸಾರ ಮಾಡ್ತೀಯೇನೆ? ಬೇಸಿಗೇಲಿ ರೊಟ್ಟಿ ಬೇಯ್ದಂಗೆ ಬೇಯ್ತೀಯ."

"ಬೇಯ್ತೀನಿ ಬುಡಜ್ಜಿ."

"ನನಗ್ಯಾರೆ ಹೂಂಗುಟ್ಟೋರು?"

"ನೀನೂ ಬಾ. ಕೋಣೆ ಎರಡವೆ."

ಅವಳು ಸುಣ್ಣದ ಬೆರಳನ್ನು ಎಲೆಗೆ ಒರೆಸಿದಳು. "ಎರಡವೆ ಅಂತೆ! ಮಾತು ನೋಡು, ಅರಮನೆ ಯಜಮಾನಿ ಆಡಿದಂಗೆ." ಬೈಗುಳವಾದರೂ ಅದು ನನಗೆ ಹಾರ ಹಾಕಿದ ಹಾಗಾಯಿತು. ಆ ದಿನ ನಾನು ಬೀದಿಯಲ್ಲಿ ನಡೆದ ರೀತಿಯೇ ಬೇರೆ. ಸೆರಗಿಗೆ ಒಂದು ಬೀಗದ ಕೈ ಕಟ್ಟಿಕೊಂಡಿದ್ದೆ. ಬೇಕೆಂದೇ ಅದು ಸದ್ದು ಮಾಡುವ ಹಾಗೆ ಕಟ್ಟಿದ್ದೆ.

ಹೊಸ ದೋಣಿಗೆ ಮೊದಲ ಮಾತು ಕಾವ್ಯದ್ದೇ ಆಗಬೇಕೆಂಬುದು ನಮ್ಮ ಪದ್ಧತಿ. ಚೆನ್ನಾಗಿ ಓದಿ, ನಾಲ್ಕು ಜನ ಚೆನ್ನಾಗಿ ಕೇಳಿದರೆ ದೋಣಿ ಹಗುರಾಗುತ್ತದೆಂದು ನಂಬಿಕೆ. ಮರದ ದೋಣಿಗಳಲ್ಲಿ ಅದು ಎಂದೂ ತಪ್ಪಿದ್ದಿಲ್ಲ. ಹಾಗಾಗಿ ನಾನು ವಾಚಕ ನರಹರಿಗಳನ್ನು ಕರೆಸಿದೆ. ಊರಿನಲ್ಲಿ ಅವರಷ್ಟು ತುಂಬಿದ ಕಂಠ ಇನ್ನೊಬ್ಬರಿಗಿಲ್ಲ. ಮಧ್ಯಾಹ್ನದ ಹೊತ್ತಿಗೆ ಜನ ಬಂದು, ಹಿಂದೆ ಮರಳು ತುಂಬುತ್ತಿದ್ದ ಕೆಳಗಿನ ಒಡಲಿನಲ್ಲಿ ಚಾಪೆ ಹಾಸಿ ಕೂತರು. ನರಹರಿಗಳು ಶುಭವಾಗಲೆಂದು ಪಟ್ಟಾಭಿಷೇಕದ ಸಂಧಿ ಎತ್ತಿಕೊಂಡರು.

ಆಹಾ, ಏನು ಓದಿದರು! ಪದ್ಯ ಮುಗಿದೊಡನೆ ಎಲ್ಲರೂ ಒಂದೇ ಸಲ "ಹೂಂ" ಅಂದೆವು. ಆದರೆ ಕಬ್ಬಿಣ ಸುಮ್ಮನಿರಲಿಲ್ಲ. ಅವರ ದನಿಯನ್ನು ಹಿಡಿದು ಅದು ತಾನೂ ಓದಿತು, ಮತ್ತೆ ಓದಿತು, ಮೂಲೆಯಿಂದ ಮೂಲೆಗೆ ಎಸೆದು ಇನ್ನೊಮ್ಮೆ ಓದಿತು. ನಾವು ಮರದ ದೋಣಿಯ ಜನ. ಓದಿದವರಿಗೆ ಹೂಂ ಅಂದರೆ ಮುಗಿಯಿತೆಂದುಕೊಂಡೆವು. ಗೋಡೆ ಓದಿದ್ದಕ್ಕೆ ಯಾರು ಹೂಂ ಅಂದಾರು? ನರಹರಿಗಳಿಗೆ ತಮ್ಮ ಕಂಠ ಹಾಗೆ ಮೊಳಗುವುದು ಹಿತವಾಗಿ, ಇನ್ನೂ ದನಿಯೇರಿಸಿದರು. ಮಂಗಳಕ್ಕೆ ಬರುವಷ್ಟರಲ್ಲಿ ಕಿಟಕಿಯ ಹೊಸ್ತಿಲಿಂದ ನೀರು ಚಾಪೆಯ ಮೇಲೆ ತೊಟ್ಟಿಕ್ಕತೊಡಗಿತು.

"ಪಟ್ಟಾಭಿಷೇಕ ಆಯ್ತು, ಜಲಾಭಿಷೇಕ ಆಗೋದ್ರೊಳಗೆ ಏಳ್ರಪ್ಪ ಮೇಲೆ!" ಎಂದು ಲಕ್ಕಜ್ಜಿ ಕೂಗಿದಳು. ಜನ ಚಾಪೆ, ಮಕ್ಕಳು, ಕೋಸಂಬರಿಯ ಪಾತ್ರೆ ಎತ್ತಿಕೊಂಡು ಏಣಿ ಹತ್ತಿದರು. ನರಹರಿಗಳು ಪಂಚೆ ಎತ್ತಿಕಟ್ಟಿ, "ತಾಯಿ, ನನ್ನ ಕಂಠದಿಂದ ಒಂದು ಮನೆ ಮುಳುಗಿತು ಅನ್ನೋ ಮಾತು ಊರಿಗೆ ಹೋಗದ ಹಾಗೆ ನೋಡ್ಕೊಳಿ" ಅಂದರು. ಅವರು ದಂಡೆ ಮುಟ್ಟುವುದಕ್ಕೆ ಮುಂಚೆಯೇ ಆ ಮಾತು ದೋಣಿಕೇರಿ ಸೇರಿತ್ತು.

ನಾನು ಕೆಳಗೇ ಉಳಿದೆ. ಒದ್ದೆ ಚಾಪೆಯ ಮೇಲೆ ಕೂತು ಕಣ್ಣುಮುಚ್ಚಿದೆ. ಕೋಪವೂ ಬರಲಿಲ್ಲ, ಅಳುವೂ ಬರಲಿಲ್ಲ. ನನಗೆ ಬರುವುದು ಒಂದೇ, ಕೇಳುವುದು. ಗೋಡೆಯಲ್ಲಿ ಕಡೆಯ ಪದ್ಯದ ಚೂರೊಂದು ಇನ್ನೂ ಅಲೆಯುತ್ತಿತ್ತು. ಅದು ಇನ್ನೇನು ಅಡಗುವ ತನಕ ಕಾದು, ಅದರ ಬಾಲ ಹಿಡಿದು "ಹೂಂ" ಅಂದೆ. ಚೂರು ಕರಗಿತು. ಅದರ ಹಿಂದೆ ಇನ್ನೊಂದು ದನಿ ಕೇಳಿಸಿತು. ಅದು ನರಹರಿಗಳದ್ದಲ್ಲ. "ಯಾರ ತಾವಾದ್ರೂ ಬೀಡಿ ಇದ್ರೆ ಒಂದು ಕೊಡ್ರಲಾ."

ಎದ್ದು ಗೋಡೆಗೆ ಕಿವಿಯಿಟ್ಟೆ. ಹಿಂದೆ ಇಲ್ಲಿ ಮರಳು ಎತ್ತುತ್ತಿದ್ದವರ ದನಿಗಳು ಒಂದರ ಮೇಲೊಂದು ಪದರವಾಗಿ ಅಲ್ಲಿ ಕೂತಿದ್ದವು. ಇಂಜಿನಿನ ಸದ್ದಿನಲ್ಲಿ ಯಾರಿಗೂ ಕೇಳಿಸದೆ ಹೋದ ಮಾತುಗಳವು. "ಬೀಡಿ ಕೊಡ್ರಲಾ" ಅಂದವನಿಗೆ ನಾನು "ಹೂಂ" ಅಂದೆ. ಅವನ ಮಾತು ನೀರಿನಲ್ಲಿ ಉಪ್ಪು ಕರಗುವ ಹಾಗೆ ಹೋಯಿತು.

ಮರುದಿನದಿಂದ ಅದೇ ನನ್ನ ಕೆಲಸ. ಬೆಳಿಗ್ಗೆ ಸ್ನಾನ ಮಾಡಿ, ಹೊಳೆಗೆ ಕೈಮುಗಿದು, ಕೆಳಗಿಳಿದು ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದೆ. ಅಪ್ಪನ ಮುಂದೆ ಕೂತ ಹಾಗೇ, ಕಾಲು ಮಡಿಸಿ, ಸೆರಗು ಹೊದ್ದು. ಎಷ್ಟು ಬಗೆಯ ಮಾತು! ಬೆನ್ನು ನೋವೆಂದವರು, ಮೇಸ್ತ್ರಿಯ ವಂಶವನ್ನೇ ಬೈದವರು, ಮನೆಯಲ್ಲಿ ಹೆಂಡತಿಗೆ ದಿನ ತುಂಬಿದೆ ಬಿಡಿ ಸ್ವಾಮಿ ಎಂದು ಕೂಗಿಕೊಂಡವರು, ಮರಳಿನ ಬುಟ್ಟಿ ಎತ್ತುವಾಗ ಶಿವ ಶಿವಾ ಅಂದವರು. ಬಾಯಲ್ಲಿ ಆಡಬಾರದಂಥ ಬೈಗುಳಕ್ಕೂ ನಾನು ದೇವರ ಹೆಸರಿಗೆ ಕೊಟ್ಟ ಹೂಂ ಅನ್ನೇ ಕೊಟ್ಟೆ. ಅದರಲ್ಲಿ ಕಡಿಮೆ ಹೆಚ್ಚು ಮಾಡಲಿಲ್ಲ. ಇವತ್ತಿಗೂ ನನಗೆ ಅದೊಂದು ಹೆಮ್ಮೆ.

ಲಕ್ಕಜ್ಜಿ ಜೊತೆಗೆ ಬಂದು ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡು ಕೂರುತ್ತಿದ್ದಳು, ಮಾತು ಆಚೆ ಬಾರದಿರಲೆಂದು. ಒಂದು ದಿನ ತಾನೂ ಕೇಳುತ್ತೇನೆಂದು ಗೋಡೆಗೆ ಕಿವಿಯಿಟ್ಟು "ಹೂಂ ಹೂಂ ಹೂಂ" ಎಂದು ಒಂದೇ ಉಸಿರಿಗೆ ಅಂದಳು.

"ಅವನಿನ್ನೂ ಮಾತೇ ಮುಗಿಸಿಲ್ಲ ಕಣಜ್ಜಿ."

"ಮುಗಿಸೋದೇನು, ಗಂಡಸರ ಮಾತು ಎಲ್ಲಿಗೆ ಹೋಯ್ತದೆ ಅಂತ ನನಗೆ ಗೊತ್ತಿಲ್ವ?"

ಆ ಮಾತು ಕರಗಲಿಲ್ಲ. ನಾನು ಮತ್ತೆ ಕೂತು ಅವನ ಮಾತು ಕೊನೆಯವರೆಗೆ ಕೇಳಿದೆ. ಅದು ಅಜ್ಜಿ ಎಣಿಸಿದ ಕಡೆಗೆ ಹೋಗಲೇ ಇಲ್ಲ. ತನ್ನ ಕರುವಿನ ಹೆಸರು ಹೇಳಿ ನಗುತ್ತಿದ್ದ.

ಮೊದಲು ಕಿಟಕಿಯ ಹೊಸ್ತಿಲು ಒಣಗಿತು. ಆಮೇಲೆ ತುಕ್ಕು ಹಿಡಿದ ಹೊಟ್ಟೆ ಕಂಡಿತು. ಒಂದು ಬೆಳಿಗ್ಗೆ ಪಾಚಿಯ ಕೆಳಗೆ ಬಿಳಿಯದೇನೋ ಗೆರೆಯಾಗಿ ಮಿನುಗಿತು. ಪಟ್ಟೆಯ ಅಂಚು! ನಾನು ಬಟ್ಟೆ ಒಗೆಯುವ ಬ್ರಷ್ಷು ತಂದು, ನೀರಲ್ಲಿ ನಿಂತು ಅದನ್ನು ಉಜ್ಜಿದೆ. ನಗಲು ಬರುತ್ತಿದ್ದ ಜನ ಆಮೇಲೆ ನೋಡಲು ಬರತೊಡಗಿದರು. ದೋಣಿಕೇರಿಯ ಹೆಂಗಸರು ತಮ್ಮ ತಮ್ಮ ಗಂಡಂದಿರಿಗೆ, "ನೋಡ್ರಿ, ಮಾತು ಕೇಳಿಸ್ಕೊಳ್ಳೋದು ಅಂದ್ರೆ ಅದು" ಎಂದು ನನ್ನ ಕಡೆ ಬೊಟ್ಟು ಮಾಡಿ ತೋರಿಸುತ್ತಿದ್ದರಂತೆ. ನನ್ನಿಂದಾಗಿ ಆಲದ ಮರದ ಕೆಳಗೆ ಹತ್ತಾರು ಜಗಳವಾದವೆಂದು ಲಕ್ಕಜ್ಜಿ ಸಂತೋಷದಿಂದ ಸುದ್ದಿ ತಂದಳು.

ಆದರೆ ಪಟ್ಟೆ ಅರ್ಧಕ್ಕೆ ನಿಂತುಬಿಟ್ಟಿತು. ಕೆಳಗಿನ ಒಡಲಿನಲ್ಲಿ ಈಗ ಒಂದು ಮಾತೂ ಉಳಿದಿರಲಿಲ್ಲ. ತಟ್ಟಿದರೆ ಹೊಸ ಕಂಚಿನ ಹಾಗೆ ಸದ್ದಾಗುತ್ತಿತ್ತು. ಹೊಳೆಯೋ, ದಿನದಿನಕ್ಕೆ ಇಳಿಯುತ್ತಿತ್ತು. ಮರಳದಿಬ್ಬದ ಬೆನ್ನು ನೀರಿನೊಳಗೆ ಹಳದಿಯಾಗಿ ಕಾಣತೊಡಗಿತ್ತು. ಗುಜರಿಯವರು ಬಂದು ಎತ್ತರದಲ್ಲಿ ಲಾರಿ ನಿಲ್ಲಿಸಿ, ಮರದಡಿ ಅಡುಗೆ ಮಾಡಿಕೊಂಡು ಕಾದರು.

ಉಳಿದದ್ದು ಮೇಲಿನ ಅಡುಗೆಮನೆ. ಅಲ್ಲಿ ಒಲೆಯ ಪಕ್ಕದ ತಗಡು ಒಂದು ಕಡೆ ನುಣ್ಣಗೆ ಹೊಳೆಯುತ್ತಿತ್ತು, ತಲೆ ಒರಗಿಸಿ ಒರಗಿಸಿ ಸವೆದ ಹಾಗೆ. ಅಲ್ಲಿ ಕಿವಿಯಿಟ್ಟೆ. ಶಿವನಂಜನ ದನಿ ಅಷ್ಟು ಹತ್ತಿರದಲ್ಲಿತ್ತು. "ಮಾದಾ, ಊಟ ಆಯ್ತೇನ್ಲಾ?"

"ಹೂಂ" ಅಂದೆ. ಅದು ಕರಗಲಿಲ್ಲ. "ಮಾದಾ, ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಗೋಯ್ತು ಕಣ್ಲಾ. ಅವ್ವ ಇದ್ದಿದ್ರೆ ಬೈಯ್ತಿದ್ಲು." "ಹೂಂ." ಕರಗಲಿಲ್ಲ. "ಮಾದಾ, ನಿನ್ನ ಮನೆ ದೀಪ ಯಾಕೋ ಇನ್ನೂ ಹಚ್ಚಿಲ್ವಲ್ಲ." ಎಲ್ಲ ಮಾತೂ ಆ ಹೆಸರಿನಿಂದಲೇ ಶುರು. ಎದುರಿನ ಕಿಟಕಿಯ ಕಡೆ ನೋಡಿಕೊಂಡು ಅವನು ದಿನವೂ ಆಡಿದ್ದವು. ನನ್ನ ಹೂಂ ಎಷ್ಟು ಶುದ್ಧವಾದರೇನು, ಬೇರೆಯವರ ಹೆಸರಿನ ಮಾತಿಗೆ ಅದು ಹತ್ತುತ್ತಿರಲಿಲ್ಲ.

ನಾನು ದಂಡೆ ಹತ್ತಿ ಮಾದಯ್ಯನ ಜಗಲಿಯ ಮುಂದೆ ನಿಂತೆ.

"ಅಡುಗೆಮನೆ ಮಾತು ನನ್ನಿಂದ ಆಗ್ತಿಲ್ಲ ಕಣಪ್ಪ. ನಿನಗೆ ಅಂತ ಆಡಿರೋವು. ನೀ ಬಂದು ಕೇಳಬೇಕು."

ಅವನು ಬಲೆ ಹೆಣೆಯುತ್ತಿದ್ದವನು ತಲೆಯೆತ್ತಲಿಲ್ಲ. "ಬೈದಿರ್ತಾನೆ."

"ಬೈದಿದ್ರೆ ಬೈಸ್ಕೋ."

"ಏನಂದವ್ನೆ? ನೀನೇ ಹೇಳ್ಬುಡು."

"ಕೇಳಿದ್ದನ್ನ ಇನ್ನೊಬ್ಬರಿಗೆ ಸಾಗಿಸೋ ಕೆಲಸ ನಂದಲ್ಲ. ಅಪ್ಪ ಅದನ್ನ ಕಲಿಸಿಲ್ಲ."

"ನನಗೇನು ಗರಜು? ನೀನು ದಾಟಿಸದಿದ್ರೆ ಗುಜರಿಯೋರು ಕೊಡ್ತಾರೆ. ನನಗೆ ಎರಡು ಕಡೆಯಿಂದ ಲಾಭ."

"ಹೌದು" ಅಂದೆ. "ಗುಜರಿಯೋರು ಆ ತಗಡನ್ನೂ ಕರಗಿಸ್ತಾರೆ. ಆಮೇಲೆ ಯಾರು ಕಿವಿಯಿಟ್ರೂ ಕೇಳಲ್ಲ."

ಬಲೆಯ ಮೇಲೆ ಅವನ ಕೈ ನಿಂತಿತು. ನಾನು ಮತ್ತೇನೂ ಹೇಳದೆ ಇಳಿದುಬಂದೆ. ಕೇಳುವವಳಿಗೆ ಕಾಯುವುದು ಹೊಸದಲ್ಲ. ಊಟದ ಹೊತ್ತು ಕಳೆದ ಮೇಲೆ ಅವನು ಬಂದ. ಚಪ್ಪಲಿ ದಂಡೆಯಲ್ಲೇ ಬಿಟ್ಟು, ತಲೆವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಅಣ್ಣ ಕಟ್ಟಿದ ಆ ಮನೆಯೊಳಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಕಿಟಕಿಯನ್ನು ಮುಟ್ಟಿ ನೋಡಿದ, ಕಿಟಕಿಯಿಂದ ತನ್ನ ಜಗಲಿಯನ್ನು ನೋಡಿದ.

"ಎಲ್ಲಿ?"

ನಾನು ಹೊಳೆಯುವ ಜಾಗ ತೋರಿಸಿ, ಲಕ್ಕಜ್ಜಿಯ ಕೈಹಿಡಿದು ಆಚೆ ಬಂದೆ. ಒಳಗಿಂದ ಮಾದಯ್ಯನ ದನಿ ಬಂತು, ಮಗುವಿನ ದನಿಯ ಹಾಗೆ ಸಣ್ಣಗೆ.

"ಹೂಂ ಅಣ್ಣ. ಆಯ್ತು."

ನಮ್ಮ ಕಾಲ ಕೆಳಗೆ ಬಾರ್ಜು ಅಲುಗಿತು. ತಲೆಯ ಮೇಲಿನ ಹೊರೆ ಇಳಿಸಿದವರ ಕತ್ತು ಮೇಲೇಳುವ ಹಾಗೆ ಒಂದಿಷ್ಟು ಮೇಲೆದ್ದಿತು. "ಹೂಂ. ಹೂಂ ಅಣ್ಣ. ಜಾಸ್ತಿ ಆದ್ರೆ ಒಂದು ಆಲೂಗಡ್ಡೆ ಹಾಕ್ಬೇಕಿತ್ತು." ಮತ್ತೊಂದಿಷ್ಟು. "ಹಚ್ಚಿದ್ದೆ ಅಣ್ಣ, ಹಿಂದಿನ ಕೋಣೇಲಿ ಇತ್ತು ದೀಪ." ಲಕ್ಕಜ್ಜಿ ಕೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಅಳಲಿಲ್ಲ, ಪಟ್ಟೆಯನ್ನು ನೋಡುತ್ತಿದ್ದೆ. ಅವನು ಆಚೆ ಬರುವ ಹೊತ್ತಿಗೆ ಅದು ತುದಿಯಿಂದ ತುದಿಗೆ, ತನ್ನ ಪೂರ್ತಿ ಅಗಲದಲ್ಲಿ ನೀರಿನ ಮೇಲಿತ್ತು. ಊರಿನ ಯಾವ ಮರದ ದೋಣಿಗೂ ಅಷ್ಟು ಅಗಲದ ಪಟ್ಟೆ ನಾನು ಕಂಡಿಲ್ಲ.

ಮರುದಿನ ಬೆಳಿಗ್ಗೆ ದೋಣಿಕೇರಿಯವರು ಹಗ್ಗ ಹಾಕಿ ಎಳೆದರು. ಮಾದಯ್ಯನೇ ಮುಂದೆ ನಿಂತು ಬಿದಿರಗಳ ಹಾಕಿದ. ಮರಳದಿಬ್ಬದ ಮೇಲೆ ಬಂದಾಗ ಎಲ್ಲರೂ ಬಗ್ಗಿ ನೀರಿನೊಳಗೆ ನೋಡಿದರು. ತಳ ಮರಳನ್ನು ಸವರಿತು, ಅಷ್ಟೆ. ಬೆಕ್ಕು ಬೆನ್ನು ಸವರಿಕೊಂಡು ಹೋದ ಹಾಗೆ ದಾಟಿತು. ನರಹರಿಗಳು ದಂಡೆಯ ಮೇಲಿಂದ ಒಂದು ಪದ್ಯ ಎತ್ತಿಕೊಂಡರು, ಈ ಸಲ ನೆಲದ ಮೇಲೆ ನಿಂತು. ಗುಜರಿಯವರು ಕೂಡ ಎದ್ದುನಿಂತು ನೋಡಿದರು. ಲಕ್ಕಜ್ಜಿ ತುಳಸಿಯ ಕುಂಡದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತು, ಯಾರೂ ಕೇಳದಿದ್ದರೂ, "ಎರಡು ಕೋಣೆ ಕಣ್ರೋ, ಎರಡು!" ಎಂದು ಎಲ್ಲರಿಗೂ ಕೂಗಿ ಹೇಳುತ್ತಿದ್ದಳು. ನಾನು ಪ್ರತಿ ಸಲವೂ ಹೂಂ ಅಂದೆ.

ಸಾಲಿನ ಕೊನೆಯಲ್ಲಿ ನಮಗೆ ಜಾಗ ಕೊಟ್ಟರು. ಹಗ್ಗ ಕಟ್ಟಿ ಜನ ಚದುರಿದ ಮೇಲೂ ಮಾದಯ್ಯ ಹೋಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ತಗಡನ್ನು ಅಂಗೈಯಿಂದ ಸವರುತ್ತಿದ್ದ.

"ದೇವೀರಕ್ಕ, ಒಂದು ಮಾತು."

"ಹೂಂ."

"ಇದ್ನ ನನಗೇ ವಾಪಸ್ ಕೊಟ್ಬುಡಕ್ಕ. ನಿನ್ನ ದುಡ್ಡು ಪೂರ್ತಿ ತಕೋ. ಸಾಲದಿದ್ರೆ ದಂಡೆ ಮೇಲಿರೋ ನನ್ನ ಮನೇನೇ ಬರ್ಕೊಡ್ತೀನಿ. ಕಲ್ಲಿನ ಮನೆ, ಹಿತ್ಲಲ್ಲಿ ಬಾವಿ ಅದೆ. ನೆಲದ ಮೇಲೆ ಏನು ಬೇಕಾದ್ರೂ ಮಾತಾಡ್ಕೊಂಡು ಇರಬೌದು ನೀನು, ಯಾರೂ ಹೂಂ ಅನ್ನೋದು ಬ್ಯಾಡ." ಅವನು ತಗಡಿನಿಂದ ಕೈ ತೆಗೆದು ಜೋಡಿಸಿದ. "ನಮ್ಮಣ್ಣನ ಮನೆ ಕಣಕ್ಕ. ನಿನಗೆ ಕೈಮುಗೀತೀನಿ."

ಲಕ್ಕಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ಪಕ್ಕದ ದೋಣಿಯವರು ತಮ್ಮ ಕಿಟಕಿಗೆ ಬಂದರು. ನಾನು ಏನನ್ನುತ್ತೇನೆಂದು ಅವರಿಗೆಲ್ಲ ಗೊತ್ತಿತ್ತು. ಐವತ್ತು ದಾಟಿದರೂ ಈ ಬಾಯಿಂದ ಯಾರಿಗೂ ಹೂಂ ಬಿಟ್ಟು ಬೇರೆ ಮಾತು ಬಂದಿರಲಿಲ್ಲ. ಅವನ ಸಂಕಟ ನನಗೆ ಕಾಣುತ್ತಿತ್ತು, ಕಾಣದೆ ಏನು. ಆದರೆ ಅವನ ಅಣ್ಣ ಈಗ ಆ ತಗಡಿನಲ್ಲಿರಲಿಲ್ಲ, ಅವನ ಕಿವಿಯಲ್ಲಿದ್ದ. ಖಾಲಿಯಾದ ಈ ಕಬ್ಬಿಣದಲ್ಲಿ ಇನ್ನು ಮುಂದೆ ಏನು ಮೊಳಗಬೇಕೋ ಅದು ನನ್ನ ಮನೆಯ ಮಾತು. ಒಳಕೋಣೆಯಲ್ಲಿ ದೇವರ ಗೂಡಿಗೆ ಬೆಳಿಗ್ಗೆಯಷ್ಟೇ ಸುಣ್ಣ ಬಳಿದಿದ್ದೆ. ಅದರ ಬಾಗಿಲಿಗೆ ಒಳಗಡೆಯಿಂದ ಚಿಲಕವಿತ್ತು.

ಅವನು ಮುಗಿದ ಕೈಯನ್ನು ನಾನೇ ಹಿಡಿದು ಕೆಳಗಿಳಿಸಿದೆ.

"ಇಲ್ಲ ಮಾದಯ್ಯ" ಅಂದೆ. "ಕೊಡೋದಿಲ್ಲ."